ಎಂಟೋ ಒಂಬತ್ತೋ

ಲಿಮೆರಿಕ್
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಶ್ರೀವತ್ಸ,

ಹೇಗಿದ್ದೀಯೋ? ಮಂಡಿ ಆಪರೇಷನ್ ಆದ ಮೇಲೆ ಜಯಮಾಲಾ ನಿನ್ನನ್ನು ದಿನಾ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಸುತ್ತಾಳೆ ಎಂದು ಬರೆದಿದ್ದೆ. ಒಳ್ಳೆಯದೇ ಆಯಿತು. ಇಷ್ಟು ವರ್ಷ ನೀನು ಅವಳನ್ನು ಕುಣಿಸಿದ್ದಕ್ಕೆ ಸರಿಹೋಯಿತು. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾತಿನ ನಡುವೆ ಉಸಿರು ಸಿಗುವುದಿಲ್ಲ ಮಾರಾಯ. ಆ ಕಡೆ ನೀನು "ಹಲೋ, ಹಲೋ, ಲೈನ್ ಕಟ್ಟಾಯ್ತೇನೋ?" ಎಂದು ಕೂಗುತ್ತಿದ್ದರೆ ನಾನು ಸುಮ್ಮನೆ ಕೇಳಿಕೊಂಡು ಕೂರಬೇಕು. ಕಾಗದದಲ್ಲಾದರೆ ಎಷ್ಟು ಸಲ ನಿಂತು ನಿಂತು ಮಾತಾಡಿದರೂ ನಿನಗೆ ಗೊತ್ತಾಗುವುದಿಲ್ಲ.

ಮೊದಲು ನಾಣ್ಯದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವ ಪೈಕಿ ಅಲ್ಲ. ಪಕ್ಕದ ಮನೆಯ ಡೆಕ್ಲನ್ ಬೇಸಿಗೆಯಲ್ಲಿ ಅವನ ತಾತನ ಹಾಫ್ ಕ್ರೌನ್ ತಂದಿದ್ದ. ಇಲ್ಲಿಯ ಹಳೆಯ ಬೆಳ್ಳಿ ನಾಣ್ಯ. ಒಂದು ಕಡೆ ಕುದುರೆ, ಇನ್ನೊಂದು ಕಡೆ ತಂತಿವಾದ್ಯ, ಅದರ ಪಕ್ಕದಲ್ಲಿ ಇಸವಿ. ೧೯೪೩ರಲ್ಲಿ ಅಚ್ಚಾದವನ್ನು ಹೆಚ್ಚುಕಡಿಮೆ ಎಲ್ಲ ಕರಗಿಸಿಬಿಟ್ಟರು, ಎಲ್ಲೋ ಕೆಲವು ಮಾತ್ರ ತಪ್ಪಿಸಿಕೊಂಡವು. ಇವನದರಲ್ಲಿ ಕೊನೆಯ ಅಂಕಿಯೇ ಸವೆದುಹೋಗಿತ್ತು. ನಮ್ಮ ಹಳೆಯ ಉಪಾಯವನ್ನೇ ಮಾಡಿದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಬಾಯಿಯ ಹತ್ತಿರ ಹಿಡಿದು ಬೆಚ್ಚಗೆ ಊದಿದೆ. ಕೂತ ಆವಿ ಆರುವಾಗ ಇಲ್ಲದ ಅಂಕಿ ಒಂದು ಕ್ಷಣ ಎದ್ದು ಕಾಣುತ್ತದಲ್ಲ, ಅದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. "ಜೀಸಸ್, ಪ್ರಾಲ್!" ಎಂದ. ನನ್ನ ಹೆಸರು ಅವನ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತದೆ.

ಕಂಡ ಅಂಕಿ ಎರಡು. ನಲವತ್ತೆರಡರ ನಾಣ್ಯ, ಯಾರ ಮನೆಯ ಡ್ರಾಯರಿನಲ್ಲಾದರೂ ಸಿಗುವಂಥದ್ದು. "ಆಹ್, ಶೂರ್ ಇಟ್ಸ್ ಗ್ರ್ಯಾಂಡ್" ಎಂದು, ಅಂದರೆ ಇರಲಿ ಬಿಡು, ಚೆನ್ನಾಗೇ ಇದೆ ಎಂದು, ಅವನು ಅದನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನನಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಅವನೇ ಓಡಿ ನೀರು ತಂದ, ಕೆಲಸಕ್ಕೆ ಹೋಗಿದ್ದ ನೀಲಾಳಿಗೆ ಅವನೇ ಫೋನ್ ಮಾಡಿದ. ಅಲ್ಲಿಂದ ಶುರುವಾಯಿತು ಆಸ್ಪತ್ರೆ.

ಶ್ವಾಸಕೋಶ ಗಾಯದ ಕಲೆಯ ಹಾಗೆ ಒಳಗೊಳಗೇ ಗಟ್ಟಿಯಾಗುತ್ತಿದೆಯಂತೆ. ಯಾಕೆ ಎಂದು ಕೇಳಿದರೆ ಅವರಿಗೂ ತಿಳಿಯದು. ನಾನು ಬೀಡಿ ಸಿಗರೇಟು ಮುಟ್ಟಿದವನಲ್ಲ; ಮಹಾರಾಜಾ ಕಾಲೇಜಿನ ಹಿಂದೆ ನಿಂತು ಸೇದುತ್ತಿದ್ದವನು ನೀನು. ಈಗ ನಡುಮನೆಯಲ್ಲಿ ಆಕ್ಸಿಜನ್ ಮೆಷೀನು ಹಗಲೂ ರಾತ್ರಿ ಗೊರಗುಟ್ಟುತ್ತದೆ, ನಾನು ಮೂಗುದಾರ ಹಾಕಿಸಿಕೊಂಡ ಎತ್ತಿನ ಹಾಗೆ ಅದರ ಕೊಳವೆಯ ಉದ್ದಕ್ಕೆ ಓಡಾಡುತ್ತೇನೆ. ಮಗಳು ಐಶು ಮೇನೂತ್‌ನಿಂದ ಶನಿವಾರ ಬರುತ್ತಾಳೆ. ಬಾಗಿಲಲ್ಲೇ "ಯೂ ಲುಕ್ ಗ್ರ್ಯಾಂಡ್, ಅಪ್ಪ" ಎನ್ನುತ್ತಾಳೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಾಳೆ, ನೀರು ಸುಮ್ಮನೆ ಸುರಿಯುತ್ತಿರುತ್ತದೆ. ಅಳುವುದು ಕೇಳಿಸಬಾರದೆಂದು.

ಹೋದ ತಿಂಗಳು ದೊಡ್ಡ ಡಾಕ್ಟರು ಸ್ಕ್ಯಾನ್ ಮುಂದಿಟ್ಟುಕೊಂಡು, ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತದೆ ಎಂದು ಮೆತ್ತಗೆ ಕೇಳಿದರು. ಇಲ್ಲಿಯ ಪದ್ಧತಿ, ಕೇಳಿಯೇ ಹೇಳುತ್ತಾರೆ. ನನಗೇನೂ ಬೇಡ, ಮನೆ ನಡೆಸುವವಳು ನನ್ನ ಹೆಂಡತಿ, ಇವಳಿಗೇ ಹೇಳಿ ಎಂದು ನಗುತ್ತಾ ಎದ್ದು ಹೊರಗೆ ಬಂದು ಕೂತೆ. ತಮಾಷೆಯಲ್ಲ ವತ್ಸ, ಹೆದರಿಕೆ. ನೀಲಾ ಹೊರಗೆ ಬಂದಳು.

"ಏನಂತೆ?" ಎಂದೆ.

"ಮಾತ್ರೆ ಬದಲಾಯಿಸ್ತಾರಂತೆ. ಏಳಿ, ಪಾರ್ಕಿಂಗ್ ಟೈಮ್ ಮುಗೀತಾ ಬಂತು."

ಕಾರಿನಲ್ಲಿ ಮನೆಯವರೆಗೂ ಕೊತ್ತಂಬರಿ ಸೊಪ್ಪಿನ ಬಗ್ಗೆಯೇ ಮಾತಾಡಿದಳು. ಈ ದೇಶದಲ್ಲಿ ಅದಕ್ಕೆ ಘಮವೇ ಇಲ್ಲವಂತೆ. ಸವೆದ ನಾಣ್ಯ ಓದುತ್ತೇನೆಂದು ಮೆರೆದ ನಾನು ಅವಳ ಮುಖ ಓದಲು ಹೋಗಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡೆ.

ಇನ್ನು ನಿನ್ನ ಪ್ರಶ್ನೆ. ನೀಲಾಳ ದೇವರ ರೂಪಾಯಿ ಎಂಟೋ ಒಂಬತ್ತೋ ಎಂದು ಎರಡು ಪತ್ರದಲ್ಲೂ ಕೇಳಿದ್ದೀಯ. ಅವಳಮ್ಮ ರಾಜಮ್ಮನವರು ಮದುವೆಯಲ್ಲಿ ಮಡಿಲಿಗೆ ಹಾಕಿದ್ದು. ರಾಜನ ತಲೆ, ಹಿಂದೆ ಇಸವಿ. ಒಂದು, ಒಂಬತ್ತು, ಮೂರು ಕಾಣುತ್ತದೆ, ಕೊನೆಯದು ಬರೀ ಉಬ್ಬು. ಮೂವತ್ತೆಂಟಾದರೆ ಏನೂ ವಿಶೇಷವಿಲ್ಲ, ಮೂವತ್ತೊಂಬತ್ತಾದರೆ ನಮ್ಮಂಥವರ ಕೈಗೆ ಸಿಗುವ ನಾಣ್ಯವೇ ಅಲ್ಲ. ನನ್ನ ಮದುವೆ ಛತ್ರದಲ್ಲೇ ನೀನು "ಎಂಟು" ಎಂದೆ, ನಾನು "ಒಂಬತ್ತು" ಎಂದೆ, ಪುರೋಹಿತರು ಇಬ್ಬರನ್ನೂ ಗದರಿಸಿದರು. ವರ್ಷಾ ವರ್ಷಾ ವರಮಹಾಲಕ್ಷ್ಮಿಗೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅವಳು ಇದ್ದುದನ್ನೂ ಅಳಿಸಿಬಿಟ್ಟಳು. ಭೂತಗನ್ನಡಿ, ಓರೆ ಬೆಳಕು, ನಿನಗೆ ಕಳಿಸಿದ ಪೆನ್ಸಿಲ್ ಉಜ್ಜಿದ ಕಾಗದ, ಯಾವುದರಲ್ಲೂ ತಿಳಿಯಲಿಲ್ಲ.

ಉಳಿದದ್ದು ಉಸಿರೊಂದೇ, ಅದಕ್ಕೆ ಅವಳು ಬಿಡುವವಳಲ್ಲ. "ಲಕ್ಷ್ಮಿ ಮೇಲೆ ಬಾಯಿ ಹಾಕ್ತೀರಾ? ಎಂಜಲಲ್ವೇನ್ರೀ?" ಒಮ್ಮೆ ಅವಳು ಅಂಗಡಿಗೆ ಹೋದಾಗ ಕದ್ದು ತೆಗೆದಿದ್ದೆ, ಚೀಲ ಮರೆತು ವಾಪಸ್ ಬಂದವಳು ನನ್ನನ್ನು ಬಾಯಿ ತೆರೆದಿದ್ದ ಹಾಗೇ ಹಿಡಿದಳು. ವಾರವಿಡೀ ಸಾರಿಗೆ ಉಪ್ಪಿಲ್ಲ. "ನಾನಿರೋ ತನಕ ಅದರ ಮೇಲೆ ಉಸಿರು ಬೀಳಕೂಡದು, ತಿಳೀತಾ?" ಎಂದಳು. ಅವಳು ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಮಿಕ್ಕ ಆಸೆಗಳೆಲ್ಲ ತಾವಾಗಿಯೇ ಕಳಚಿಕೊಂಡವು. ಊರಿಗೆ ಬರುವುದು, ನಿನ್ನ ಜೊತೆ ದೇವರಾಜ ಮಾರ್ಕೆಟ್ಟು ಸುತ್ತುವುದು, ಐಶುವಿನ ಮದುವೆ. ಈ ಒಂದು ಅಂಕಿ ಮಾತ್ರ ಹಟ ಹಿಡಿದು ಕೂತಿದೆ. ಆದರೂ ಅವಳನ್ನು ಕೇಳುವುದಿಲ್ಲ. ಉತ್ತರ ಸಿಗುವುದಿಲ್ಲ ಎಂದೇ ತಿಳಿದುಕೋ.

ನನ್ನ ನಾಣ್ಯಗಳ ಪೆಟ್ಟಿಗೆಯ ಮೇಲೆ ನಿನ್ನ ಹೆಸರು ಬರೆದಿಟ್ಟಿದ್ದೇನೆ, ಯಾರ ಕೈಯಲ್ಲಾದರೂ ಕಳಿಸುತ್ತಾರೆ. ಮಂಡಿ ಜೋಪಾನ. ಜಯಮಾಲಾಳಿಗೆ ನಮಸ್ಕಾರ, ಮಗು ತನ್ವಿಗೆ ಈ ಮುದಿ ತಾತನ ಆಶೀರ್ವಾದ. ನೀವೆಲ್ಲ ತಂಪಾಗಿರಿ.

ನಿನ್ನ
ಪ್ರಹ್ಲಾದ

ತಾ.ಕ. ಶುಕ್ರವಾರ ಸಂಜೆ. ಲಕೋಟೆ ಅಂಟಿಸಿರಲಿಲ್ಲ, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಇವತ್ತು ದೇವರಿಗೆ ದೀಪ ಹಚ್ಚಿದ ಮೇಲೆ ನೀಲಾ ಬಂದು ನನ್ನ ಪಕ್ಕ ಕೂತು ಅಂಗೈಯಲ್ಲಿ ಏನೋ ಇಟ್ಟಳು. ಕೊರೆಯುವಷ್ಟು ತಣ್ಣಗಿತ್ತು. ಆ ರೂಪಾಯಿ. ಬೆಳಗ್ಗೆಯೇ ಫ್ರಿಜ್ಜಿನಲ್ಲಿ, ನಿನ್ನೆಯ ಸಾರಿನ ಪಾತ್ರೆಯ ಪಕ್ಕದಲ್ಲಿ ಇಟ್ಟಿದ್ದಳಂತೆ.

"ಊದಿ" ಎಂದಳು.

"ಎಂಜಲಾಗುತ್ತಲ್ಲೇ."

"ಆಗ್ಲಿ ಬಿಡಿ. ನಿಮ್ಮದು ತಾನೆ."

ಡಾಕ್ಟರು ಅವಳಿಗೆ ಏನು ಹೇಳಿದ್ದಾರೆಂದು ನನಗೆ ಆಗ ಗೊತ್ತಾಯಿತು ವತ್ಸ.

ಊದಿದೆ. ಅಂಚಿಗೂ ಆವಿ ಕೂರಲಿಲ್ಲ. ಅವಳು ಬೆನ್ನಿಗೆ ಕೈ ಕೊಟ್ಟಳು, ಇನ್ನೊಮ್ಮೆ ಊದಿದೆ. ಕಂಡಿತು. ಎಂಟೇ ಕಣೋ, ನೀನೇ ಗೆದ್ದೆ. ಯಾವುದು ಎಂದು ಅವಳು ಕೇಳಲೂ ಇಲ್ಲ. ನನ್ನ ಕೈಯಿಂದ ತೆಗೆದುಕೊಂಡು ಹೋದಳು. ತೊಳೆಯುತ್ತಾಳೆ ಎಂದುಕೊಂಡು ನಲ್ಲಿಯ ಸದ್ದಿಗೆ ಕಿವಿಗೊಟ್ಟು ಕೂತೆ. ತೊಳೆಯಲಿಲ್ಲ. ಹಾಗೆಯೇ ಒಯ್ದು ದೇವರ ಮುಂದೆ ಇಟ್ಟಳು.