ಉದ್ಯೋಗದಲ್ಲಿರುವ ಮಗಳು

ಅಪ್ಪನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು, ಆಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಕಾಣಲಿ ಎಂದೇ ಎಳೆದದ್ದು.

ಈ ಮನೆಯಲ್ಲಿ ನನಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಇಲ್ಲ. ದನಿ ಸ್ವಲ್ಪ ಏರಿದರೆ ಸಾಕು, ಎಲ್ಲಿ ಮೂರ್ಛೆ ಬಂದುಬಿಡುತ್ತದೋ ಎಂದು ಅಮ್ಮ ಒಲೆ ಆರಿಸಿ ಓಡಿ ಬಂದು, ದಿಂಬು ಹಿಡಿದು ನಿಲ್ಲುತ್ತಾಳೆ. ದಿಂಬು ಹಿಡಿದು ನಿಂತವಳ ಎದುರು ಜಗಳವಾಡುವುದು ಹೇಗೆ? ನೀನೋ, ಒಂದು ವಾರದಿಂದ ನಾನು ಏಳುವ ಮೊದಲೇ ಪ್ರೆಸ್ಸಿಗೆ ಪರಾರಿ. ಅದಕ್ಕೇ ಈ ಕಾಗದವನ್ನು ಅಮ್ಮನ ಕೈಯಿಂದ ನಿನ್ನ ಊಟದ ಡಬ್ಬಿಯ ಕೆಳಗೆ ಇಡಿಸಿದ್ದೇನೆ.

ಹೋದ ಮಂಗಳವಾರ ಮೆಟ್ಟಿಲ ಮೇಲೆ ಬಿದ್ದೆನಲ್ಲ, ಆಸ್ಪತ್ರೆಯ ಕೌಂಟರಿನಲ್ಲಿ ಅಮ್ಮ ನಿನ್ನ ಪ್ರೆಸ್ಸಿನ ಇನ್ಶೂರೆನ್ಸ್ ಕಾರ್ಡ್ ಕೊಟ್ಟಳು. ಅಲ್ಲಿದ್ದಾಕೆ ಕಂಪ್ಯೂಟರ್ ನೋಡಿ, “ಇವ್ರ ಹೆಸ್ರು ತೆಗ್ದಿದ್ದಾರಲ್ಲಮ್ಮಾ, ಕೆಲ್ಸದಲ್ಲಿದ್ದಾರೆ ಅಂತಿದೆ” ಎಂದಳು. ಅಮ್ಮ ನನ್ನತ್ತ ತಿರುಗಿ, “ಯಾವ ಕೆಲ್ಸ?” ಎಂದು ಕೇಳಿದಳು. ನನ್ನ ತುಟಿ ಒಡೆದಿತ್ತು, ಎಡಗೈ ಮುರಿದು ಜೋತಾಡುತ್ತಿತ್ತು. ನನಗೂ ಅದೇ ತಿಳಿಯಬೇಕಿತ್ತು.

ಮರುದಿನ ಅಮ್ಮ ನಿಮ್ಮ ಆಫೀಸಿನಿಂದ, ನೀನು ತುಂಬಿಕೊಟ್ಟ ಇನ್ಶೂರೆನ್ಸ್ ಫಾರಂನ ನಕಲು ತಂದಳು. ಮಕ್ಕಳಿಗೆ ಇಪ್ಪತ್ತೈದು ದಾಟಿದರೆ ಹೆಸರು ಬಿಟ್ಟುಹೋಗುತ್ತದೆ. ಕಾಯಿಲೆಯಿಂದ ದುಡಿಯಲಾಗದೆ ಅಪ್ಪ ಅಮ್ಮನ ಆಸರೆಯಲ್ಲೇ ಇರುವವರನ್ನು ಮಾತ್ರ ಡಾಕ್ಟರ ಪತ್ರ ಕೊಟ್ಟು ಉಳಿಸಿಕೊಳ್ಳಬಹುದು. ಅದನ್ನು ಬರೆಯುವ ಕಾಲಂ ನಿನ್ನ ಕಣ್ಣೆದುರಿಗೇ ಇತ್ತು. ಅಲ್ಲಿ ನಿನ್ನ ಮುತ್ತಿನಂಥ ಅಕ್ಷರದಲ್ಲಿ ‘ಉದ್ಯೋಗದಲ್ಲಿದ್ದಾಳೆ’ ಎಂದು ಬರೆದಿದ್ದೀಯ.

ಮೂವತ್ತು ವರ್ಷದಿಂದ ಬೇರೆಯವರ ಪುಸ್ತಕಗಳ ಕರಡು ತಿದ್ದುವವನು ನೀನು. ಇಸವಿಯಲ್ಲಿ ಒಂದಂಕಿ ತಪ್ಪಿದ್ದರೂ ಹಿಡಿಯುತ್ತೀಯ. ಇದು ಕಣ್ತಪ್ಪಲ್ಲ ಅಪ್ಪ. ಫಾರಂ ಇಸಿದುಕೊಳ್ಳುವ ಗುಮಾಸ್ತ ದಿನಾ ನಿನ್ನ ಜೊತೆ ಟೀ ಕುಡಿಯುವವನು. “ಮಗಳು ಮನೆಯಿಂದಾನೇ ಕೆಲ್ಸ ಮಾಡ್ತಾಳೆ” ಎಂದು ಅವನ ಮುಂದೆ ವರ್ಷಗಟ್ಟಲೆ ಕೊಚ್ಚಿಕೊಂಡಿದ್ದೀಯ. ಅವನೆದುರು ತಲೆ ತಗ್ಗಬಾರದೆಂದು ನನ್ನ ಹೆಸರನ್ನೇ ಬಿಟ್ಟುಕೊಟ್ಟೆ. ಕಾಯಿಲೆ ನನ್ನದು. ನಾನೇ ನಾಚಿಕೊಳ್ಳದಿರುವಾಗ ನಿನಗೇಕೆ ನಾಚಿಕೆ?

ಹದಿನಾಲ್ಕರಲ್ಲಿ ಮೊದಲ ಸಲ ತರಗತಿಯಲ್ಲಿ ಬಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಂದವನೂ ನೀನೇ. ಶಾಲೆ ತಪ್ಪಿದ ದಿನಗಳಲ್ಲಿ ಪಕ್ಕ ಕೂರಿಸಿಕೊಂಡು ಕರಡಿನ ಗುರುತುಗಳನ್ನೆಲ್ಲ ಕಲಿಸಿದೆ. ಗೆರೆ ಎಳೆದರೆ ತೆಗೆಯಬೇಕು. ಎಳೆದದ್ದರ ಕೆಳಗೆ ಚುಕ್ಕಿಸಾಲು ಇಟ್ಟರೆ ಮತ್ತೆ ಉಳಿಸಿಕೊಳ್ಳಬೇಕು. “ತಪ್ಪಾಗೋದು ದೊಡ್ಡದಲ್ಲ ಪುಟ್ಟಾ, ಕಂಡ ಮೇಲೂ ಬಿಡೋದಿದೆಯಲ್ಲ, ಅದು ಮೋಸ” ಎಂದಿದ್ದೆ. ಆ ಅಪ್ಪ ಎಲ್ಲಿ ಹೋದ?

ನನ್ನ ಹೆಸರಿನಲ್ಲೇ ಬೇರೆ ಪಾಲಿಸಿ ಸಿಗುತ್ತದೆಯೇ ಎಂದು ಮೂರು ಕಡೆ ಫೋನು ಮಾಡಿದೆ. ಒಬ್ಬರು ಆಗುವುದಿಲ್ಲ ಎಂದರು. ಉಳಿದವರದು ಒಂದೇ ಮಾತು, ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷ ಕಾಯಬೇಕಂತೆ. ಮೂರ್ಛೆ ನಿಲ್ಲಬಹುದೆಂದು ಡಾಕ್ಟರು ಹೇಳಿದ ಆಪರೇಷನ್ ಇರುವುದು ಮುಂದಿನ ತಿಂಗಳು. ಮೂರು ವರ್ಷದಲ್ಲಿ ಇನ್ನೆಷ್ಟು ಮೆಟ್ಟಿಲು ಉರುಳಬೇಕು ನಾನು? ಫಾರಂ ತಿದ್ದಿಕೊಡಲು ಶುಕ್ರವಾರ ಕೊನೆಯ ದಿನ.

ನಕಲು ಇದರ ಜೊತೆಗಿದೆ, ಡಾಕ್ಟರ ಪತ್ರವೂ ಇದೆ. ‘ಉದ್ಯೋಗದಲ್ಲಿದ್ದಾಳೆ’ ಎಂಬುದಕ್ಕೆ ಗೆರೆ ಎಳೆದು, ‘ದುಡಿಯಲಾರಳು, ನನ್ನ ಆಸರೆಯಲ್ಲಿದ್ದಾಳೆ’ ಎಂದು ನಾನೇ ಬರೆದಿದ್ದೇನೆ. ತಿದ್ದಿದ ಕಡೆ ನಿನ್ನ ಸಹಿ ಬೇಕು. ಆ ಗುಮಾಸ್ತನ ಎದುರಿಗೇ ಕೂತು, ಅವನು ಓದುವಂತೆ ಮಾಡು.

ಈ ಕಾಗದವನ್ನೂ ಸಂಜೆ ವಾಪಸು ತಾ. ಮೇಲೆ ಗೆರೆ ಎಳೆದ ಒಂದು ಪದವಿದೆ. ಸಹಿ ಮಾಡಿದ್ದರೆ ಅದರ ಕೆಳಗೆ ಚುಕ್ಕಿ ನೀನೇ ಇಡು.

ಊಟ ಬಿಡಬೇಡ. ನಿನ್ನ ಆರೋಗ್ಯವಾದರೂ ಚೆನ್ನಾಗಿರಲಿ.

ಎಲ್ಲಿಯೂ ಕೆಲಸದಲ್ಲಿಲ್ಲದ
ನಿನ್ನ ಮಗಳು