ಮೆಲ್ಲಗೆ ಬಾಗಿಲು ತಟ್ಟುವ ಕೆಲಸ

ಮನೆಯಿಂದ
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ನನ್ನ ಕಂದಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ನಿಮ್ಮನ್ನು ಇಟ್ಟಿರುವ ಕಡೆ ರಾತ್ರಿಯೂ ದೀಪ ಆರಿಸುವುದಿಲ್ಲವಂತೆ. ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಮಲಗು. ಚಿಕ್ಕಂದಿನಿಂದಲೂ ಬೆಳಕಿದ್ದರೆ ನಿನಗೆ ನಿದ್ದೆ ಹತ್ತದು. ನಾವು ಅತ್ತೆ ಸೊಸೆ ಆರೋಗ್ಯವಾಗಿದ್ದೇವೆ. ಅವಳು ಲಾಂಡ್ರಿಯಲ್ಲಿ ಎರಡು ಪಾಳಿ ದುಡಿಯುತ್ತಾಳೆ. ಜಗಳವಾಡಲೂ ಪುರುಸೊತ್ತಿಲ್ಲ, ಅಷ್ಟು ಅನ್ಯೋನ್ಯವಾಗಿದ್ದೇವೆ.

ನನಗೂ ಒಂದು ಕೆಲಸ ಸಿಕ್ಕಿದೆ, ನಗಬೇಡ. ಬಾಗಿಲು ತಟ್ಟುವ ಕೆಲಸ. ವಲಸೆ ಇಲಾಖೆಯವರು ನಿನ್ನನ್ನು ಕರೆದೊಯ್ದ ಮೇಲೆ ಈ ಕಟ್ಟಡದಲ್ಲಿ ನಮ್ಮ ಹಾಗೆ ಬೇರೆ ದೇಶದಿಂದ ಬಂದವರೆಲ್ಲ ಸೇರಿ ಸಂಘ ಕಟ್ಟಿದ್ದೇವೆ. ಕೆಳಮನೆಯ ನರ್ಸಮ್ಮ ಅದಕ್ಕೆ ಯಜಮಾನಿ. ಪ್ರತಿ ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿಕೊಡುತ್ತಾಳೆ: ಯಾರೇ ತಟ್ಟಲಿ, ತೆಗೆಯಬಾರದು; ನ್ಯಾಯಾಧೀಶರ ಸಹಿಯಿರುವ ಕಾಗದವಿದ್ದರೆ ಬಾಗಿಲ ಸಂದಿಯಿಂದ ತಳ್ಳಿ ಎನ್ನಬೇಕು. ನಾವಾಗಿಯೇ ಒಳಗೆ ಕರೆದರೆ ಅವರಿಗೆ ಆ ಕಾಗದವೂ ಬೇಡವಂತೆ. ಮೊದಲ ವಾರ ಮೂರನೇ ಮಹಡಿಯ ಗಾರೆ ಮೇಸ್ತ್ರಿ ಎದೆ ತಟ್ಟಿಕೊಂಡು, "ನನ್ನ ಹೆಣ ದಾಟಿ ಒಳಗೆ ಬರ್ಬೇಕು, ಅಷ್ಟೇ" ಎಂದ. ಅಭ್ಯಾಸಕ್ಕೆಂದು ನರ್ಸಮ್ಮ ಮನೆಮನೆಯ ಬಾಗಿಲನ್ನೂ ಧಡಧಡ ಗುದ್ದಿದಳು. ಒಬ್ಬರೂ ತೆಗೆಯಲಿಲ್ಲ. ನನಗೆ ಸುಮ್ಮನಿರಲಾಗಲಿಲ್ಲ. "ಅವರು ಹೀಗೆ ಗುದ್ದಲ್ಲ ಕಣಮ್ಮ" ಎಂದೆ. "ಹಾಗಾದ್ರೆ ನೀವೇ ತಟ್ಟಿ ತೋರಿಸಿ, ಅಮ್ಮ" ಎಂದಳು. ಸಂಜೆ ಮೇಸ್ತ್ರಿಯ ಬಾಗಿಲಿಗೆ ಹೋಗಿ ಎರಡು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ತುಸು ತಡೆದು, ಮತ್ತೊಮ್ಮೆ ತಟ್ಟಿದೆ. ಪುಣ್ಯಾತ್ಮ ಬಾಗಿಲು ಹಾರುಹೊಡೆದು "ಬನ್ನಿ ಬನ್ನಿ" ಎಂದ! ಹಿಂದಿನಿಂದ ಅವನ ಹೆಂಡತಿ, "ಎಲ್ರೀ ನಿಮ್ಮ ಹೆಣ?" ಎಂದಳು. ಮೆಟ್ಟಿಲ ತುಂಬ ನಗು. ಅವಳ ಸೆರಗು ಹಿಡಿದು ನಿಂತಿದ್ದ ಮಗುವನ್ನು ಕಂಡ ಮೇಲೆ ಮೇಸ್ತ್ರಿ ತಾನೇ ಬಾಗಿಲು ಮುಚ್ಚಿಕೊಂಡು, ಇನ್ನೊಮ್ಮೆ ತಟ್ಟಿ ಎಂದ.

ಅಂದಿನಿಂದ ನನ್ನನ್ನು ಬೀದಿಯ ಬೇರೆ ಕಟ್ಟಡಗಳಿಗೂ ಕರೆದೊಯ್ಯುತ್ತಾರೆ. ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಬಾರದು ಎಂದುಕೊಂಡೇ ಎಪ್ಪತ್ತು ವರ್ಷ ಬದುಕಿದವಳು, ಈಗ ತೆಗೆದವರನ್ನು ಬೈದು, ತೆಗೆಯದವರಿಗೆ ಶಹಬ್ಬಾಸ್ ಹೇಳಿ ಬರುತ್ತೇನೆ. ನಿನ್ನೆ ಒಂದು ಮನೆಯಲ್ಲಿ ನಾನು ತಟ್ಟಿದ ಕೂಡಲೇ ಎಳೆಗೂಸಿನ ಅಳು ಅರ್ಧಕ್ಕೆ ನಿಂತಿತು. ತಾಯಿ ಅದರ ಬಾಯಿಗೆ ಕೈ ಒತ್ತಿರಬೇಕು. ಬಾಗಿಲು ತೆಗೆಯಲಿಲ್ಲ. ಶಹಬ್ಬಾಸ್ ಎನ್ನದೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದು ಬಂದೆ.

ನಿನ್ನನ್ನು ಕರೆದೊಯ್ದ ಆ ಬೆಳಿಗ್ಗೆ ನೀನು ಬಚ್ಚಲಿನಿಂದ "ಯಾರಮ್ಮಾ?" ಎಂದೆ. ಬಂದವರು ಹೊರಗಿನಿಂದ, ಕೆಳಮನೆಯ ನರ್ಸಮ್ಮ ಕಳಿಸಿದ್ದಾರೆ ಎಂದಿದ್ದರು. ತನ್ನ ಹೆಸರು ಹೇಳಿದ್ದು ಅವಳಿಗೆ ತಿಳಿಯದು, ಪಾಪ. ನಾನು "ನಮ್ಮೋರೇ ಕಣೋ" ಎಂದು ಕೂಗಿ, ಅವರಿಗೆ ಕುರ್ಚಿ ಎಳೆದುಕೊಟ್ಟೆ. ನಿನ್ನ ಯಾವ ಪತ್ರದಲ್ಲೂ ನೀನು ಆ ಮಾತು ಎತ್ತಿಲ್ಲ. ಎತ್ತಿ ಒಂದೆರಡು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಊಟ ಬಿಡಬೇಡ. ಸೊಸೆ ಬೇರೆಯೇ ಬರೆಯುತ್ತಾಳೆ. ನಿದ್ದೆ ಬಾರದಿದ್ದಾಗ ನಿನ್ನ ತಲೆಯ ಮೇಲೆ ನನ್ನ ಕೈಯಿದೆ ಎಂದುಕೊ.

ನಿನ್ನ
ಅಮ್ಮ

ಇಷ್ಟು ಬರೆದು ಮುಖ್ಯವಾದುದನ್ನೇ ಬಿಟ್ಟೆ. ಗುರುವಾರ ನಿನ್ನ ವಿಚಾರಣೆಗೆ ನಾನು ಬರುತ್ತೇನೆ. ನಾವೇ ಒಳಗೆ ಕರೆದೆವೆಂದು ಇಲಾಖೆಯವರು ಬರೆದುಕೊಟ್ಟಿದ್ದಾರಂತೆ. ಕರೆದದ್ದು ನಿಜ, ಇಲ್ಲ ಎನ್ನುವುದಿಲ್ಲ. ಆದರೆ ಯಾರ ಹೆಸರು ಹೇಳಿ ಬಂದರು ಎಂಬುದನ್ನು ಕೇಳಿದವಳು ನಾನೊಬ್ಬಳೇ. ಸುಳ್ಳು ಹೇಳಿ ಒಳಗೆ ಬಂದಿದ್ದರೆ ಆ ಕರೆ ಲೆಕ್ಕಕ್ಕಿಲ್ಲವಂತೆ. ಹೇಗೆ ತಟ್ಟಿದರೆಂದೂ ನ್ಯಾಯಾಧೀಶರ ಮುಂದೆ ತಟ್ಟಿ ತೋರಿಸುತ್ತೇನೆ. ನನ್ನ ಕಾಗದಗಳ ಅವಧಿಯೂ ನಿನ್ನವುಗಳಂತೆಯೇ ಮುಗಿದಿದೆ, ಅಲ್ಲೇ ಹಿಡಿದುಕೊಂಡಾರು ಎಂದು ವಕೀಲರು ಎರಡು ಸಲ ಹೇಳಿದರು. ಬೇಡವೆಂದು ಹೇಳಿಕಳಿಸಬೇಡ, ನನ್ನನ್ನು ಕಂಡಾಗ ಗಾಬರಿಯಿಂದ ಎದ್ದು ನಿಲ್ಲಲೂ ಬೇಡ. ಅವರ ಕೈಗೆ ಸಿಗದಂತೆ ನನ್ನ ಬೀಗದಕೈಯನ್ನು ಸೊಸೆಗೇ ಕೊಟ್ಟು ಹೊರಡುತ್ತೇನೆ. ಸಂಜೆ ನನ್ನನ್ನು ಬಿಟ್ಟರೂ ನಮ್ಮ ಬಾಗಿಲು ನಾನೇ ತಟ್ಟಬೇಕು. ಅವಳು ತೆಗೆಯಲಾರಳು. ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೇನೆ.