ರುಚಿ ನೋಡದ ಗಂಜಿ

೨೯-೪-೧೯೫೫, ಶುಕ್ರವಾರ. ಮಂಜಿಯ ಮೇಲೆ.

ಇವತ್ತು ಗಂಜಿಯದ್ದೇ ಸಂಕಟ. ಅಮೀನಿ ದ್ವೀಪಕ್ಕೆ ಹೆಂಚು ಹೇರಿಕೊಂಡು ಹೊರಟ ಈ ಮಂಜಿ ಹಾಯಿಹಡಗಿನಲ್ಲಿ ನಾನೊಬ್ಬನೇ ಜೈನ; ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಉಳಿದವರಿಗೆ ರಂಜಾನ್ ಉಪವಾಸ. ಹೊತ್ತು ಮುಳುಗುವವರೆಗೆ ನೀರೂ ಮುಟ್ಟುವವರಲ್ಲ. ರಜೆಯಲ್ಲಿ ಕಡಲು ನೋಡುವ ಹುಚ್ಚು ಹಿಡಿದ ಮೂಡಬಿದ್ರೆಯ ಈ ಮಾಷ್ಟ್ರು ಇದನ್ನು ಮೊದಲೇ ಯೋಚಿಸಬೇಕಿತ್ತು.

ನಿನ್ನೆಯೆಲ್ಲ ವಾಂತಿ. ಇವತ್ತು ಹಸಿವು ಹೊಟ್ಟೆ ಹಿಂಡುತ್ತಿತ್ತು. ಆದರೂ ಬಾಯಿ ಒಣಗಿದ ಅಡುಗೆಯವ ಇದಿನಬ್ಬನನ್ನು ಒಲೆಯ ಮುಂದೆ ಕೂರಿಸಲು ಮನಸ್ಸು ಬಾರದೆ, ಹಸಿವಿಲ್ಲ ಎಂದೆ.

"ಸುಳ್ಳು ಹೇಳಿದ್ರೆ ನಿಮ್ಮ ವ್ರತ ಮುರಿಯುದಿಲ್ವಾ ಮಾಷ್ಟ್ರೆ?" ಎನ್ನುತ್ತ ಅವನು ಒಲೆ ಹಚ್ಚಿದ. ಗಾಳಿಗೆ ಬೆಂಕಿ ಮತ್ತೆ ಮತ್ತೆ ಆರಿತು. ಗಂಜಿ ಕೈಗೆ ಬಂದಾಗ ಸೂರ್ಯ ನೀರಿಗೆ ತಾಗಲು ಸ್ವಲ್ಪವೇ ಬಾಕಿ.

ಖರ್ಜೂರ ಹಿಡಿದು ಕೂತವರೆಲ್ಲ ಪಡುವಣವನ್ನೇ ನೋಡುತ್ತಿದ್ದರು. ನಾನು ಗಬಗಬನೆ ಉಣ್ಣುತ್ತಿದ್ದೆ.

"ನಿಧಾನ ಉಣ್ಣಿ ಮಾರಾಯ್ರೆ," ಎಂದರು ಹಡಗು ನಡೆಸುವ ಕುಂಞಿಮೋನು. "ನಮಗೇನೂ ಅರ್ಜೆಂಟಿಲ್ಲ."

ಮನಸ್ಸಿನಲ್ಲೇ ಹೊಸೆದದ್ದು:

ಇಳಿಯಬೇಡ ನೇಸರೇ, ಬಟ್ಟಲಲ್ಲಿ ಉಂಟು ಅನ್ನ;
ಇಳಿದುಬಿಡು ನೇಸರೇ, ಇವರು ಹಸಿದಿದ್ದಾರೆ, ಚಿನ್ನ.

ಪ್ರಾಸಕ್ಕಾಗಿ ಸೂರ್ಯನನ್ನು ಚಿನ್ನ ಎನ್ನಬೇಕಾಯಿತು. ಆತ ಎರಡು ಮಾತನ್ನೂ ಕೇಳದೆ ತನ್ನ ಹೊತ್ತಿಗೆ ಇಳಿದ. ಅಷ್ಟರಲ್ಲಿ ನನ್ನ ಬಟ್ಟಲೂ ಖಾಲಿಯಾಗಿತ್ತು.

ಎಲ್ಲರೂ ಖರ್ಜೂರ ಬಾಯಿಗಿಟ್ಟರು. ಇದಿನಬ್ಬ ಮಾತ್ರ ತನ್ನದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ: "ಉಪ್ಪು ಸರಿ ಉಂಟಾ?"

"ಹದವಾಗಿ ಉಂಟು," ಎಂದೆ. ಉಪ್ಪಿಗೆ ನಾಲಗೆ ಈಗಲೂ ಉರಿಯುತ್ತಿದೆ. ಇವತ್ತಿನ ಎರಡನೆಯ ಸುಳ್ಳು. ನಾಳೆಯೂ ಹೇಳಬೇಕಾದೀತು, ಉಪವಾಸ ಇರುವವನು ರುಚಿ ನೋಡುವ ಹಾಗಿಲ್ಲವಲ್ಲ, ಪಾಪ, ಅಂದಾಜಿನಲ್ಲೇ ಉಪ್ಪು ಹಾಕುತ್ತಾನೆ.